ಮೂರು ಸಹಿ

ಅಪ್ಪ ನಿಜಕ್ಕೂ ಆ ಹಣ ತಿಂದಿದ್ದರೇ? ಶವಕ್ಕೆ ತೊಡಿಸಿದ ಹಳೆಯ ಸಮವಸ್ತ್ರದ ಗುಂಡಿ ಹಾಕುತ್ತಿದ್ದ ಮಗನ ಕೈ ನಿಂತಿತು.

ಹೊರಗೆ ಸಂಬಳ ಇಲಾಖೆಯ ಗುಮಾಸ್ತ ಕಾಯುತ್ತಿದ್ದ. ಯುದ್ಧದಲ್ಲಿ ಸೆರೆಸಿಕ್ಕ ಅಧಿಕಾರಿಗಳ ಸಂಬಳವನ್ನು ಸರ್ಕಾರ ಮತ್ತೆ ಪರಿಶೀಲಿಸುತ್ತಿತ್ತು. ಶತ್ರುಗಳು ಶಿಬಿರದಲ್ಲಿ ಕೊಟ್ಟ ಭತ್ಯೆಯಷ್ಟನ್ನು ಆಗ ಸರ್ಕಾರ ಈ ಅಧಿಕಾರಿಗಳ ಸಂಬಳದಿಂದ ಮುರಿದುಕೊಂಡಿತ್ತು. ಅಪ್ಪನಿಂದ ಮಾತ್ರ ಮೂವರ ಪಾಲು. ಶಿಬಿರದ ಪುಸ್ತಕದಲ್ಲಿ ಎಂಟು ತಿಂಗಳು ಇಬ್ಬರು ಜೊತೆಗಾರರ ಹೆಸರಿನ ಮುಂದೆಯೂ ಅವರದೇ ಸಹಿ.

"ಸಾವಿನ ಮನೆ ಅಂತ ಗೊತ್ತಿರ್ಲಿಲ್ಲ ಸಾರ್," ಎಂದಿದ್ದ ಗುಮಾಸ್ತ. "ಆದ್ರೆ ಇವತ್ತೇ ಕೊನೇ ದಿನ. ಕಾರಣ ಬರೆದುಕೊಟ್ರೆ ಹಣ ವಾಪಸ್. ಇಲ್ದಿದ್ರೆ ಜೊತೆಯವರ ಪಾಲು ತಿಂದವರು ಅಂತಾನೇ ದಾಖಲೆ."

ಶಿಬಿರದಲ್ಲಿ ಅಪ್ಪನ ಜೊತೆಗಿದ್ದ ಮುದಿ ಕಂಪೌಂಡರ್ ಶವದ ಬೂಟಿಗೆ ದಾರ ಕಟ್ಟುತ್ತಿದ್ದ.

"ತಿಂದ್ರಾ ಮಾಮ?"

"ತಿನ್ನೋಕೆ ಅಲ್ಲೇನಿತ್ತೋ, ಮಣ್ಣು?"

*

ಆ ಇಬ್ಬರೂ ಒಂದೇ ವಾರದಲ್ಲಿ ಜ್ವರಕ್ಕೆ ಸತ್ತಿದ್ದರು. ಗುಡಿಸಲಿನ ನೆಲದಲ್ಲೇ ಗುಟ್ಟಾಗಿ ಹೂತರು. ಕಾವಲಿನವನು ತಲೆ ಎಣಿಸಲು ಬಂದರೆ ಅಪ್ಪ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು.

"ಇಬ್ಬರಿಗೂ ಅಂಟುಜ್ವರ. ಬೇಕಿದ್ರೆ ಒಳಗೆ ಬಾ, ಮುಟ್ಟಿ ಎಣಿಸ್ಕೋ."

ಅವನು ಬಾಗಿಲಿಂದಲೇ ಮೂವರೆಂದು ಬರೆದುಕೊಂಡು ಹೋಗುತ್ತಿದ್ದ. ಮೂವರ ಭತ್ಯೆಯಿಂದಲೂ ಅಪ್ಪ ಮಾತ್ರೆ ಕೊಂಡರು. ಭತ್ಯೆಯೇ ಇಲ್ಲದ ಸಿಪಾಯಿಗಳು ಅದರಿಂದ ಬದುಕಿದರು. ಎಂಟು ತಿಂಗಳಾದ ಮೇಲೆ, ಇಬ್ಬರೂ ಆಗಷ್ಟೇ ಸತ್ತರೆಂದು ಅಪ್ಪ ಬರೆಸಿದರು.

*

"ನಾನೂ ಅವರಲ್ಲೊಬ್ಬ," ಎಂದ ಕಂಪೌಂಡರ್.

"ಇದನ್ನ ಈಗ್ಲೇ ಬರ್ದುಕೊಡ್ತೀನಿ."

ಕಂಪೌಂಡರ್ ಕಣ್ಣಲ್ಲೇ ಮೂಲೆ ತೋರಿಸಿದ. ಸತ್ತವರಲ್ಲೊಬ್ಬರ ಹೆಂಡತಿ, ಬಟ್ಟೆ ಹೊಲಿದು ಬದುಕುವ, ಮಗ ಅತ್ತೆ ಎಂದೇ ಕರೆಯುವವರು, ಅಲ್ಲಿ ಕೂತಿದ್ದರು.

"ಗಂಡ ಬದುಕಿದ್ದಾನೆ ಅಂತ ಆ ಎಂಟು ತಿಂಗಳು ಅವರಿಗೆ ಪೂರ್ತಿ ಸಂಬಳ ಬಂತು. ನಿಜ ಬರೆದ್ರೆ ಅದನ್ನ ವಾಪಸ್ ಕೊಡಿ ಅಂತ ಮೊದಲು ಅವರ ಕುತ್ತಿಗೆ ಹಿಡೀತಾರೆ. ಬಿಡುಗಡೆಯಾಗಿ ಬಂದ್ಮೇಲೆ ನಡೆದ ವಿಚಾರಣೇಲಿ ನಿಮ್ಮಪ್ಪ ಅಂದಿದ್ದು ಇಷ್ಟೇ: 'ಸಹಿ ನಂದೇ. ಮುರ್ಕೊಳ್ಳಿ.'"

ಮಗ ಉಳಿದ ಗುಂಡಿಗಳನ್ನು ಹಾಕಿ ಹೊರಗೆ ಬಂದ. ಕಾಗದದಲ್ಲಿ ಕಾರಣಕ್ಕೆಂದು ಬಿಟ್ಟ ಜಾಗದುದ್ದಕ್ಕೂ ಗೆರೆ ಎಳೆದ.

"ಸಾರ್, ತಂದೆಯವರ ಹೆಸರು ಕೆಡುತ್ತೆ."

"ಕೆಡ್ಲಿ. ಸಹಿ ಅವರದೇ. ದಪ್ಪಕ್ಷರದಲ್ಲಿ ಬರ್ಕೊಳ್ಳಿ."

ಗುಮಾಸ್ತ ಹೋದ ಮೇಲೆ ಅತ್ತೆ ಬಾಗಿಲಿಗೆ ಬಂದರು.

"ಏನಪ್ಪಾ ಅದು?"

"ಹಳೇ ಸಂಬಳದ್ದು ಅತ್ತೆ. ಮುಗೀತು."

"ನಮ್ಮನೆಯವರು ಹೋದ ದಿನ ಬಂತು ಅಂದ್ರೆ ನಿಮ್ಮಪ್ಪ ಒಂದು ವರ್ಷಾನೂ ತಪ್ಪಿಸ್ದೆ ಬರೋರು. ಮಾತಿಲ್ಲ ಕತೆಯಿಲ್ಲ, ಸುಮ್ನೆ ಕೂತು ಹೋಗೋರು."

ಆ ದಿನ ಎಂಟು ತಿಂಗಳು ತಪ್ಪೆಂದು ಅಪ್ಪ ಅವರಿಗೆ ಎಂದೂ ಹೇಳಿರಲಿಲ್ಲ.