ಊದಪ್ಪ

ತಮ್ಮನನ್ನು ಮನೆಯಲ್ಲಿ ಯಾರೂ ಹೆಸರು ಹಿಡಿದು ಕರೆದವರಲ್ಲ. ಏಳು ವರ್ಷದವನಿದ್ದಾಗ ಜೆಲ್ಲಿ ಮಿಠಾಯಿ ತಿಂದು ಅವನ ತುಟಿ, ರೆಪ್ಪೆ ಬನ್ನಿನ ಹಾಗೆ ಊದಿಕೊಂಡಿದ್ದವು. ‘ಊದಪ್ಪ’ ಎಂದು ಹೆಸರಿಟ್ಟವಳು ಅಕ್ಕ. ಸಂಜೆಗೆ ಊತ ಇಳಿಯಿತು, ಹೆಸರು ಮಾತ್ರ ಇಳಿಯಲಿಲ್ಲ. ಆ ಮಿಠಾಯಿಯನ್ನು ಅವನು ಮತ್ತೆ ಮುಟ್ಟಲೂ ಇಲ್ಲ.

ಬಸ್ಸು ಓಡಿಸಿ ಓಡಿಸಿ ಅವನ ಬೆನ್ನು ಕೈಕೊಟ್ಟಿತು. ಆಪರೇಷನ್ನಿಗೆ ಫಾರಂ ತುಂಬಲು ಕೂತವಳೂ ಅಕ್ಕನೇ.

“ಔಷಧಿ, ತಿಂಡಿ, ಯಾವುದಾದ್ರೂ ಆಗಿಬರಲ್ವಾ ಇವರಿಗೆ?” ನರ್ಸ್ ಕೇಳಿದಳು.

“ಕೆಲಸ ಒಂದು ಬಿಟ್ಟು ಎಲ್ಲಾ ಆಗಿಬರುತ್ತೆ.”

“ಅಕ್ಕನ ಬಾಯಿ ಆಗಿಬರಲ್ಲ ಅಂತ ಬರ್ಕೊಳಿ ಸಿಸ್ಟರ್,” ಎಂದ ತಮ್ಮ, ಮಲಗಿದ್ದಲ್ಲೇ.

ಮೂವರೂ ನಕ್ಕರು. ಅಕ್ಕ ‘ಏನೂ ಇಲ್ಲ’ ಎಂದು ಬರೆದು ಸಹಿ ಹಾಕಿದಳು.

ತಮ್ಮ ಆಪರೇಷನ್ ಮೇಜಿನಿಂದ ಏಳಲೇ ಇಲ್ಲ.

ಹದಿನೈದು ದಿನ ಕಳೆದ ಮೇಲೆ ಡಾಕ್ಟರು ಕರೆಸಿದರು. ಅಕ್ಕ, ತಮ್ಮನ ಹೆಂಡತಿ, ಅವರ ಐದು ವರ್ಷದ ಮಗಳು ಹೋದರು.

“ರಕ್ತ ನಿಲ್ಲಲಿ ಅಂತ ಗಾಯದೊಳಗೆ ಸ್ಪಂಜಿನಂಥ ಚೂರು ಇಡ್ತೀವಿ. ಹಂದಿ ಚರ್ಮದ ಜೆಲಟಿನ್ನು, ತಾನಾಗೇ ಕರಗಿಹೋಗುತ್ತೆ. ಇವರ ಮೈ ಅದನ್ನ ತಡಕೊಳ್ಳಲಿಲ್ಲ. ಮುಖ ಊದಿಕೊಳ್ತು, ಬಿಪಿ ಬಿದ್ದೋಯ್ತು. ರಕ್ತಪರೀಕ್ಷೆಲೂ ಅದೇ ಬಂದಿದೆ.”

“ಮೊದಲೇ ಗೊತ್ತಾಗೋ ಹಾಗಿರಲಿಲ್ವಾ?” ತಮ್ಮನ ಹೆಂಡತಿ ಕೇಳಿದಳು.

“ಜೆಲ್ಲಿ ಮಿಠಾಯೀಲೂ ಇದೇ ಜೆಲಟಿನ್ನು ಇರುತ್ತೆ. ಅದನ್ನ ತಿಂದು ಹಿಂದೆ ಊದಿಕೊಂಡಿದ್ರೆ ಅದೊಂದು ಸುಳಿವು. ಅಂಥದ್ದೇನೂ ಇರಲಿಲ್ಲವಲ್ಲ. ಯಾರ ತಪ್ಪೂ ಅಲ್ಲಮ್ಮ.”

‘ಊದಪ್ಪ’ ಎಂಬ ಹೆಸರು ತಮ್ಮನ ದಪ್ಪ ಕೆನ್ನೆ ನೋಡಿ ಇಟ್ಟದ್ದೆಂದೇ ಅವನ ಹೆಂಡತಿ ನಂಬಿದ್ದಳು. ಮಿಠಾಯಿಯ ಕಥೆ ಬಲ್ಲ ಅಪ್ಪ ಅಮ್ಮ ಈಗಿಲ್ಲ. ಅಕ್ಕ ಸುಮ್ಮನಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹೋದ ತಿಂಗಳು ಗೆಳತಿಯ ಮನೆಯಲ್ಲಿ ಜೆಲ್ಲಿ ತಿಂದು ಈ ಮಗುವಿನ ತುಟಿಯೂ ದಪ್ಪಗಾಗಿತ್ತು. “ಬಂದಳಪ್ಪ ನಮ್ಮ ಊದಮ್ಮ!” ಎಂದು ಅಕ್ಕ ಮುದ್ದಾಡಿದ್ದಳು. ಅವರ ಮನೆಯಲ್ಲಿ ಆ ಊತ ಕಾಯಿಲೆ ಅನ್ನಿಸಿಕೊಳ್ಳಲೇ ಇಲ್ಲ, ನಗೆಯಾಗಿಯೇ ಉಳಿದುಬಿಟ್ಟಿತ್ತು.

“ಡಾಕ್ಟ್ರೇ, ಸುಳಿವಿತ್ತು,” ಎಂದಳು ಅಕ್ಕ. “ನನಗೆ ಗೊತ್ತಿತ್ತು. ಹೇಳಬೇಕು ಅಂತ ಹೊಳೀಲಿಲ್ಲ.” ತಮ್ಮನದನ್ನೂ ಹೇಳಿದಳು, ಮಗುವಿನದನ್ನೂ ಹೇಳಿದಳು.

ತಮ್ಮನ ಹೆಂಡತಿ “ಅತ್ತಿಗೆ...” ಎಂದಳು. ಮಗುವನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡು ಗೋಡೆಯ ಕಡೆ ತಿರುಗಿದಳು.

ಡಾಕ್ಟರು ಹೊಸ ಹಾಳೆ ತೆಗೆದರು. “ಇವಳಿಗೂ ಪರೀಕ್ಷೆ ಮಾಡಿಸೋಣ. ಪುಟ್ಟಿ, ನಿನ್ನ ಹೆಸರೇನು?”

ಮಗು ಅತ್ತೆಯ ಮುಖ ನೋಡಿ ನಕ್ಕಿತು.

“ಊದಮ್ಮ.”