ಮೈದುನನ ಬ್ರೇಕು

ಪಿಎಚ್.ಡಿ. ಮೌಖಿಕ ಪರೀಕ್ಷೆಯ ನಡುವೆ ಪರೀಕ್ಷಕಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಕೆಯ ದೃಷ್ಟಿ ಸಂಶೋಧಕನನ್ನು ದಾಟಿ, ಮೊದಲ ಸಾಲಿನ ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿ ಕುಳಿತಿದ್ದ ಅವನ ಅತ್ತಿಗೆಯ ಮೇಲೆ ನಿಂತಿತ್ತು.

ಹೊಸ ಉಪಕರಣಗಳು ಹುಟ್ಟುವುದು ಕಾರ್ಖಾನೆಗಳಲ್ಲಿ ಮಾತ್ರವಲ್ಲ, ಅವನ್ನು ಬಳಸುವವರ ಕೈಯಲ್ಲೂ ಎಂಬುದು ಅವನ ಪ್ರಬಂಧದ ವಾದ. ಆ ವಾದದ ಬೆನ್ನೆಲುಬೇ ಅತ್ತಿಗೆಯ ಕುರ್ಚಿ. ಇಳಿಜಾರಿನಲ್ಲಿ ಒಂದೇ ಕೈಯಿಂದ ಎರಡೂ ಗಾಲಿಗಳನ್ನು ಹಿಡಿದು ನಿಲ್ಲಿಸಲು ಅವರು ಅದಕ್ಕೆ ಹಳೆಯ ಸೈಕಲ್ಲಿನ ಬ್ರೇಕು ಜೋಡಿಸಿಕೊಂಡಿದ್ದರು. ‘ಯಾರ ಸಲಹೆಯೂ ಇಲ್ಲದೆ’ ಎಂದು ಅವನು ಬರೆದಿದ್ದ.

ಬರೆಯುವಾಗ ಕೈ ಕ್ಷಣಕಾಲ ತಡೆದಿತ್ತು. ಊಟಕ್ಕೆ ಕುಳಿತಿದ್ದಾಗ ಅತ್ತಿಗೆ ಮನೆಮುಂದಿನ ಇಳಿಜಾರಿಗೆ ಹಿಡಿಶಾಪ ಹಾಕಿದ್ದಕ್ಕೆ, ಮೂಲೆಗೆ ಬಿದ್ದ ಸೈಕಲ್ಲಿನ ಬ್ರೇಕು ಕಟ್ಟಿಕೊಳ್ಳಿ ಎಂದು ತಮಾಷೆ ಮಾಡಿದವನು ಅವನೇ. ತಮಾಷೆ ಸಲಹೆಯಾಗದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಮನೆಯಲ್ಲಿ ಮಾತ್ರ ಎಲ್ಲರ ಬಾಯಲ್ಲೂ ಅದು ‘ಮೈದುನನ ಬ್ರೇಕು’. ಬಂದ ನೆಂಟರಿಗೆಲ್ಲ ಅತ್ತಿಗೆ ಹಾಗೆಂದೇ ತೋರಿಸುತ್ತಿದ್ದರು. ಆ ಕುರ್ಚಿಯನ್ನು ನೋಡಬೇಕೆಂದು ಪರೀಕ್ಷಕಿ ಹೇಳಿಕಳಿಸಿದಾಗ, ಇಲ್ಲವೆನ್ನಲು ಅವನಿಗೊಂದು ನೆಪ ಸಿಕ್ಕಿರಲಿಲ್ಲ.

“ಈ ಯೋಚನೆ ನಿಮಗೆ ಹೇಗೆ ಬಂತಮ್ಮ?” ಪರೀಕ್ಷಕಿ ಕೇಳಿದರು.

ಅತ್ತಿಗೆ ಉತ್ಸಾಹದಿಂದ ಬಾಯಿ ತೆರೆದರು. ಮೈದುನನ ಕಡೆ ನೋಡಿದರು. ಅವನ ಮುಖ ಬಿಳಿಚಿಕೊಂಡಿತ್ತು.

“ಯೋಚನೆ ನಂದೇ,” ಎಂದರು. “ಇವನಿಗೆ ಒಂದು ಸ್ಕ್ರೂ ತಿರುಗಿಸೋಕೂ ಬರಲ್ಲ, ಇವನನ್ನ ಯಾರು ಕೇಳ್ತಾರೆ?”

ಸಭೆ ನಕ್ಕಿತು. ಪರೀಕ್ಷಕಿಯೂ ನಕ್ಕು, ಪ್ರಬಂಧಕ್ಕೆ ತಮ್ಮ ಒಪ್ಪಿಗೆಯಿದೆ ಎಂದರು. ಅವನಿಗೆ ತಲೆಯೆತ್ತಲಾಗಲಿಲ್ಲ. ಮಕ್ಕಳ ಶಾಲೆಗೆ ಸುಳ್ಳು ರಜಾಚೀಟಿ ಬರೆದುಕೊಡಲೂ ಒಪ್ಪದ ಹೆಂಗಸು ಅತ್ತಿಗೆ.

ಹೊರಗೆ ಕಾರಿಡಾರಿನಲ್ಲಿ ಅತ್ತಿಗೆ ತಗ್ಗಿದ ದನಿಯಲ್ಲಿ ಕೇಳಿದರು: “ಸರಿಯಾಗೇ ಹೇಳಿದೆ ಅಲ್ವೇನೋ? ಮೊದಲೇ ಒಂದು ಮಾತು ಹೇಳಿದ್ದಿದ್ರೆ ಇನ್ನೂ ಚೆನ್ನಾಗಿ ಹೇಳ್ತಿದ್ದೆ.”

ಅವನು ಕುರ್ಚಿಯನ್ನು ಮತ್ತೆ ಸಭಾಂಗಣದತ್ತ ತಿರುಗಿಸಿದ. ಅದು ಗಕ್ಕನೆ ನಿಂತಿತು. ಅತ್ತಿಗೆ ಬ್ರೇಕು ಹಿಡಿದಿದ್ದರು.

“ಬೇಡ ಕಣೋ. ಇಷ್ಟು ವರ್ಷ ಓದಿದ್ದೆಲ್ಲ ಮಣ್ಣುಪಾಲಾಗತ್ತೆ.”

ಅವನು ಬಲವಾಗಿ ತಳ್ಳಿದ. ಗಾಲಿ ಕದಲಲಿಲ್ಲ, ಬ್ರೇಕು ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಕೊನೆಗೆ ಹಿಡಿಕೆ ಬಿಟ್ಟು ಒಬ್ಬನೇ ಒಳನಡೆದ.

ಸಹಿ ಹಾಕಲು ಪರೀಕ್ಷಕಿ ಪೆನ್ನಿನ ಮುಚ್ಚಳ ತೆಗೆದಿದ್ದರು.

“ಮೇಡಂ,” ಎಂದ. “ಅತ್ತಿಗೆ ಹೇಳಿದ್ದು ಸುಳ್ಳು. ಹೇಳಿಸಿದ್ದು ನಾನು.”