ಖಾಲಿ ಬಿಟ್ಟ ದಿನಾಂಕ

ನಾನು ಒಂದು ಪ್ರಶ್ನೆ. ಹುಬ್ಬಳ್ಳಿಯ ಒಂದು ರಕ್ತನಿಧಿಯ ಕಂಪ್ಯೂಟರಿನಲ್ಲಿ ಹುಟ್ಟಿದೆ. ನನ್ನನ್ನು ಬರೆದವರು ಅಲ್ಲಿಯ ದಾಖಲೆಗಳನ್ನು ನೋಡಿಕೊಳ್ಳುತ್ತಿದ್ದ ವಸಂತಿ ಕಬ್ಬೂರ. ಕಂಪ್ಯೂಟರನ್ನು ಬಾಯಿಗೆ ಬಂದಂತೆ ಕೇಳುವ ಹಾಗಿಲ್ಲ. ಕೆಲವೇ ಇಂಗ್ಲಿಷ್ ಪದಗಳು, ಅವೂ ಅದಕ್ಕೆ ಗೊತ್ತಿರುವ ಕ್ರಮದಲ್ಲೇ ಬರಬೇಕು. ಎರಡು ದಿನ ತಿದ್ದಿ ತಿದ್ದಿ ಅವರು ಬರೆದರು: ‘ಫೈಂಡ್ ಡೋನರ್ಸ್ ವೇರ್ ಗ್ರೂಪ್ ಈಸ್ ಬಾಂಬೆ ಅಂಡ್ ಲಾಸ್ಟ್ ಡೇಟ್ ಈಸ್ ಬಿಫೋರ್ ನೈಂಟಿ ಡೇಸ್.’ ಬಾಂಬೆ ಎಂಬುದು ಬಲು ಅಪರೂಪದ ರಕ್ತದ ಗುಂಪು. ಆ ಗುಂಪಿನ ದಾನಿಗಳಲ್ಲಿ, ಹಿಂದಿನ ಸಲ ರಕ್ತ ಕೊಟ್ಟು ತೊಂಬತ್ತು ದಿನ ದಾಟಿದವರನ್ನು ನಾನು ಹುಡುಕಬೇಕು.

ನನಗೆ ಸುಮ್ಮನಿರಲು ಬಾರದು. ಗುಂಡಿ ಒತ್ತಿದರೆ ಇಪ್ಪತ್ತೆರಡು ಸಾವಿರ ಹೆಸರುಗಳ ನಡುವೆ ಓಡುತ್ತಿದ್ದೆ. ಒತ್ತದಿದ್ದರೆ, ಯಾವಾಗ ಒತ್ತುತ್ತಾರೋ ಎಂದು ಚಡಪಡಿಸುತ್ತಿದ್ದೆ.

ವಸಂತಿಯವರು ನಿವೃತ್ತರಾದಾಗ ನಾನು ಟೆಕ್ನಿಷಿಯನ್ ನಾಜನೀನ್ ಮುಲ್ಲಾ ಕೈಗೆ ಬಂದೆ.

“ಒಂದಕ್ಷರ ಮುಟ್ಟಬ್ಯಾಡವಾ. ಚುಕ್ಕಿ ತಪ್ಪಿದ್ರೂ ಓಡಂಗಿಲ್ಲ ಇದು,” ಎಂದರು ವಸಂತಿ.

“ಹೂಂ ರೀ ಅಕ್ಕಾರ,” ಎಂದಳು ನಾಜನೀನ್. ಮೂರು ವರ್ಷ ಮುಟ್ಟಲಿಲ್ಲ.

ಒಂದು ದಿನ ಬೆಳಿಗ್ಗೆ ನೀಲವ್ವ ಎಂಬಾಕೆ ಕಿಟಕಿಯ ಬಳಿ ಬಂದು ಚೀಟಿ ಕೊಟ್ಟಳು. ಅವಳ ತಂಗಿ ರೇಣವ್ವನಿಗೆ ಸಂಜೆಯೊಳಗೆ ಆಪರೇಷನ್ ಆಗಬೇಕು. ರಕ್ತದ ಗುಂಪು ಬಾಂಬೆ. ನಾಜನೀನ್ ನನ್ನನ್ನು ಓಡಿಸಿದಳು. ನಾನು ಎಲ್ಲ ಹೆಸರುಗಳನ್ನೂ ದಾಟಿ ಬಂದು ಹೇಳಿದೆ: ಯಾರೂ ಇಲ್ಲ. ಇನ್ನೊಮ್ಮೆ ಓಡಿಸಿದಳು. ಯಾರೂ ಇಲ್ಲ.

“ಒಬ್ರೂ ಇಲ್ಲೇನ್ರಿ ಮೇಡಂ?” ಎಂದಳು ನೀಲವ್ವ.

ನಾಜನೀನ್ ಬೇರೆ ಊರಿನ ರಕ್ತನಿಧಿಗಳಿಗೆಲ್ಲ ಫೋನ್ ಮಾಡಿದಳು. ಎಲ್ಲೂ ಸಿಗಲಿಲ್ಲ. ಹನ್ನೊಂದೂವರೆಗೆ ಮತ್ತೆ ನನ್ನೆದುರು ಕುಳಿತು, ಮೊದಲ ಸಲ ನನ್ನ ಮೇಲೆ ಕೈಯಿಟ್ಟಳು. ದಿನಾಂಕದ ಮಾತನ್ನೆಲ್ಲ ಅಳಿಸಿ, ಬರೀ ಗುಂಪು ಕೇಳಿದಳು.

ಮೂರು ಹೆಸರು ಬಂದವು. ಇಬ್ಬರು ಹಿಂದಿನ ತಿಂಗಳಷ್ಟೇ ಕೊಟ್ಟವರು. ಮೂರನೆಯವರು ಗದಗಿನ ಬಸ್ ಕಂಡಕ್ಟರ್ ಚನ್ನವೀರಪ್ಪ. ಅವರ ದಿನಾಂಕದ ಜಾಗ ಖಾಲಿಯಿತ್ತು, ಏಕೆಂದರೆ ಅವರು ಗುಂಪು ಪರೀಕ್ಷೆ ಮಾಡಿಸಿ ಹೆಸರು ಬರೆಸಿದ್ದರೇ ಹೊರತು ಒಮ್ಮೆಯೂ ರಕ್ತ ಕೊಟ್ಟಿರಲಿಲ್ಲ. ಖಾಲಿ ಜಾಗ ತೊಂಬತ್ತು ದಿನದ ಹಿಂದಿನದೂ ಅಲ್ಲ, ಈಚಿನದೂ ಅಲ್ಲ. ಹಾಗಾಗಿ ಪ್ರತಿ ಸಲವೂ ಅವರನ್ನು ದಾಟಿ ಹೋಗಿದ್ದೆ.

ನಾಜನೀನ್ ಫೋನ್ ಹಚ್ಚಿದಳು. ಬಸ್ಸಿನ ಸದ್ದಿನ ನಡುವೆ ದನಿ ಕೇಳಿತು. “ಹೆಸರ ಕೊಟ್ಟು ನಾಕ್ ವರ್ಷ ಆತ್ರಿ. ಯಾರೂ ಕರೀಲಿಲ್ಲ, ನನ್ನ ರಕ್ತ ಬ್ಯಾಡೇನೋ ಅನ್ಕೊಂಡಿದ್ದೆ.”

“ಬೇಕ್ರಿ ಯಪ್ಪಾ. ಈಗ ಬರ್ತೀರೇನು?”

“ಡಿಪೋಕ್ಕ ಹೇಳಿ ಬರ್ತೀನ್ರಿ.”

ಎರಡು ಗಂಟೆಗೆ ಅವರು ಖಾಕಿ ಅಂಗಿಯಲ್ಲೇ ಬಂದು ಮಲಗಿದರು. ರೇಣವ್ವ ಉಳಿದಳು. ಮರುದಿನ ನಾಜನೀನ್ ಅಳಿಸಿದ್ದನ್ನು ಮತ್ತೆ ಬರೆದು, ನನ್ನ ಕೊನೆಗೆ ದಿನಾಂಕ ಖಾಲಿಯಿದ್ದವರೂ ಬರಲಿ ಎಂಬ ಮಾತು ಸೇರಿಸಿದಳು.

ಈಗ ಹೊಸ ಸಾಫ್ಟ್‌ವೇರ್ ಬಂದಿದೆ. ನನ್ನನ್ನು ‘ಹಳೇದು’ ಎಂಬ ಫೋಲ್ಡರಿನಲ್ಲಿ ಇಟ್ಟಿದ್ದಾರೆ. ಯಾರೂ ಓಡಿಸುವುದಿಲ್ಲ, ಆದರೂ ನೆಮ್ಮದಿಯಿಲ್ಲ. ಆ ದಿನಕ್ಕೆ ಮೊದಲು ಹನ್ನೊಂದು ಸಲ ‘ಯಾರೂ ಇಲ್ಲ’ ಎಂದಿದ್ದೆ. ಅದನ್ನು ಕೇಳಿ ಕಿಟಕಿಯಿಂದ ಹಿಂದಿರುಗಿದವರು ಯಾರು, ಅವರ ಮನೆಯವರು ಏನಾದರು? ಅದನ್ನು ಕೇಳುವ ಪ್ರಶ್ನೆಯನ್ನು ಯಾರೂ ಬರೆದಿಲ್ಲ.